ಚಂದ್ರೋದಯದ ಕಡಲೂ ತುಲೆಯ ಕಾವೇರಿಯೂ: ಕವಿಸಮಯವನ್ನು ಕುರಿತು ಒಂದು ವಿಮರ್ಶೆ

ಲಕ್ಷ್ಮೀಶಕವಿಯ ಜೈಮಿನಿಭಾರತದ ಮೊದಲ ಪದ್ಯವು ಕನ್ನಡವನ್ನು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ಪರಿಚಿತವಾದುದು. ದೇವಪುರದ ದೇವನ ಮುಖವನ್ನು ಚಂದ್ರನೆಂದು ರೂಪಿಸಿ, ಆ ಚಂದ್ರನಿಂದ ಮೂರು ಕಾರ್ಯಗಳು ನಡೆಯುವುವೆಂದು ಕವಿಯು ಅಲ್ಲಿ ಹೇಳುತ್ತಾನೆ. ಲಕ್ಷ್ಮಿಯ ಕಣ್ಣುಗಳೆಂಬ ಚಕೋರಗಳು ಪೋಷಣೆಯನ್ನು ಪಡೆಯುವುದು ಒಂದು. ಭಕ್ತರ ಹೃದಯಗಳೆಂಬ ನೈದಿಲೆಯ ಮೊಗ್ಗುಗಳು ಅರಳುವುದು ಎರಡು. ಲೋಕದ ಸೌಭಾಗ್ಯವೆಂಬ ಸಮುದ್ರವು ಹೆಚ್ಚಿ ತನ್ನ ಎಲ್ಲೆಯನ್ನು ದಾಟುವುದು ಮೂರು. ಈ ಪದ್ಯವನ್ನು ಬೋಧಿಸುವ ಉಪಾಧ್ಯಾಯರಲ್ಲಿ ಹೆಚ್ಚಿನವರು "ಈ ಮೂರೂ ಕವಿಸಮಯಗಳು" ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಈ ಲೇಖಕನೂ ಅನೇಕ ವರ್ಷಗಳ ಕಾಲ ಹಾಗೆಯೇ ಬೋಧಿಸಿದವನು. ಆ ಬೋಧನೆಯು ತಪ್ಪೆಂದೂ, ಆ ತಪ್ಪಿನಿಂದ ನಮ್ಮ ಪೂರ್ವಕವಿಗಳಿಗೂ ಇಂದಿನ ವಿದ್ಯಾರ್ಥಿಗಳಿಗೂ ಅನ್ಯಾಯವಾಗುತ್ತಿದೆಯೆಂದೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಎಳೆದವನು ಒಬ್ಬ ವಿದ್ಯಾರ್ಥಿ. ಕಡಲತಡಿಯ ಮೀನುಗಾರರ ಮನೆಯಿಂದ ಕೊಡಗಿಗೆ ಓದಲು ಬಂದಿದ್ದ ಆ ಹುಡುಗನು ಪಾಠದ ನಡುವೆ ಎದ್ದು ನಿಂತು, "ಪಂಡಿತರೇ, ಚಕೋರದ ಮಾತು ನನಗೆ ತಿಳಿಯದು. ಆದರೆ ಹುಣ್ಣಿಮೆಗೆ ಕಡಲು ಏರುವುದು ನಿಜ. ಏರುವುದು ಮಾತ್ರ ಚಂದ್ರ ಹುಟ್ಟುವ ಹೊತ್ತಿಗಲ್ಲ, ಆಗ ನೀರು ಇಳಿದಿರುತ್ತದೆ, ನಡುರಾತ್ರಿಗೆ ತುಂಬುತ್ತದೆ" ಎಂದನು. ಕಾವ್ಯದ ಪಾಠದಲ್ಲಿ ದೋಣಿಯ ಮಾತು ಬೇಡವೆಂದು ನಾನು ಅವನನ್ನು ಕುಳ್ಳಿರಿಸಿದೆನು. ಅವನು ಮರುಮಾತಾಡಲಿಲ್ಲ, ಮುಂದೆ ಆ ವರ್ಷವೆಲ್ಲ ಏನನ್ನೂ ಕೇಳಲಿಲ್ಲ. ಕೆಲವು ಕಾಲದ ಮೇಲೆ ಕಾರ್ಯಾಂತರದಿಂದ ಮಂಗಳೂರಿಗೆ ಹೋಗಿದ್ದಾಗ, ನೇತ್ರಾವತಿ ಗುರುಪುರ ಹೊಳೆಗಳು ಸಮುದ್ರವನ್ನು ಸೇರುವ ಅಳಿವೆಯ ಬಳಿ ಒಂದು ಹುಣ್ಣಿಮೆಯ ಸಂಜೆಯನ್ನೂ ರಾತ್ರಿಯನ್ನೂ ಕಳೆದೆನು. ಹುಡುಗನು ಹೇಳಿದುದು ಅಕ್ಷರಶಃ ಸತ್ಯವಾಗಿತ್ತು.

ಮೊದಲು ಕವಿಸಮಯವೆಂಬ ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ವಿಚಾರಿಸಿದ್ದಾನೆ. ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ ಇಲ್ಲದೆ ಕವಿಪರಂಪರೆಯಿಂದ ಮಾತ್ರ ಬಂದ ಅರ್ಥವೇ ಕವಿಸಮಯವೆಂಬುದು ಅವನ ಮತದ ಸಾರ. ಅದರಲ್ಲಿ ಅವನು ಮೂರು ಬಗೆಗಳನ್ನು ಹೇಳುತ್ತಾನೆ: ಇಲ್ಲದುದನ್ನು ಹೇಳುವುದು, ಇದ್ದರೂ ಹೇಳದಿರುವುದು, ಹಲವೆಡೆ ಇರುವುದನ್ನು ಒಂದೆಡೆಗೆ ನಿಯಮಿಸುವುದು. ಚಕೋರವು ಬೆಳುದಿಂಗಳನ್ನು ಕುಡಿಯುವುದು ಮೊದಲ ಬಗೆಗೆ ಸೇರಿದುದು. ಚಕೋರವೆಂಬ ಹಕ್ಕಿಯುಂಟು; ಅದು ಕಾಳನ್ನೂ ಹುಳುವನ್ನೂ ತಿಂದು ಬದುಕುವ ಹಕ್ಕಿ. ಕೃಷ್ಣಪಕ್ಷದಲ್ಲಿ ಬೆಳುದಿಂಗಳೂ ಶುಕ್ಲಪಕ್ಷದಲ್ಲಿ ಕತ್ತಲೆಯೂ ಇದ್ದರೂ ಕವಿಗಳು ಅವನ್ನು ಹೇಳರೆಂಬುದು ಎರಡನೆಯ ಬಗೆಯ ಉದಾಹರಣೆಗಳಲ್ಲಿ ಒಂದು.

ಈ ಲಕ್ಷಣವನ್ನು ಹಿಡಿದು ನೋಡಿದರೆ ಲಕ್ಷ್ಮೀಶನ ಮೂರು ಕಾರ್ಯಗಳು ಮೂರು ಬೇರೆ ಬೇರೆ ಜಾತಿಯವಾಗುತ್ತವೆ. ಚಕೋರದ ಪೋಷಣೆಯು ಶುದ್ಧವಾದ ಕವಿಸಮಯ. ನೈದಿಲೆಯು ರಾತ್ರಿಯಲ್ಲಿ ಅರಳುವುದು ಲೋಕಸಿದ್ಧವಾದುದೇ. ಆದರೆ ಅದು ಅಮಾವಾಸ್ಯೆಯ ರಾತ್ರಿಯಲ್ಲಿಯೂ ಅರಳುವುದರಿಂದ, ಚಂದ್ರನೇ ಅದಕ್ಕೆ ಕಾರಣನೆಂಬ ಅಂಶ ಮಾತ್ರ ಕವಿಯದು. ಸಮುದ್ರದ ವೃದ್ಧಿಯಲ್ಲಿಯಾದರೋ ಕಾರ್ಯವೂ ನಿಜ, ಚಂದ್ರನು ಕಾರಣನೆಂಬುದೂ ನಿಜ. ಅದು ಲೋಕದಲ್ಲಿಯೂ ಇದೆ, ಶಾಸ್ತ್ರದಲ್ಲಿಯೂ ಇದೆ. ಆದಕಾರಣ ಅದನ್ನು ಕವಿಸಮಯವೆನ್ನುವುದು ರಾಜಶೇಖರನ ಲಕ್ಷಣಕ್ಕೇ ವಿರುದ್ಧ. ಇಲ್ಲದ ವಸ್ತುವಿನಿಂದ ಮೊದಲುಮಾಡಿ, ಅರ್ಧಸತ್ಯವನ್ನು ದಾಟಿ, ಪೂರ್ಣಸತ್ಯದಲ್ಲಿ ನಿಲ್ಲುವ ಕ್ರಮವೊಂದು ಈ ಪದ್ಯದಲ್ಲಿದೆ. ಕವಿಯು ಇದನ್ನು ಉದ್ದೇಶಪಟ್ಟು ಮಾಡಿದನೆಂದು ನಾನು ಸಾಧಿಸಹೊರಟಿಲ್ಲ. ಮೂರನ್ನೂ ಒಂದೇ ಹೆಸರಿನಿಂದ ಕರೆಯುವ ಬೋಧಕನಿಗೆ ಈ ಕ್ರಮವು ಕಾಣುವುದೇ ಇಲ್ಲವೆಂಬುದಷ್ಟೇ ನನ್ನ ಮಾತು.

ಶಾಸ್ತ್ರದಲ್ಲಿ ಇದೆಯೆಂದೆನಷ್ಟೆ. ಅಮರಕೋಶವು ವೇಲಾ ಎಂಬ ಶಬ್ದಕ್ಕೆ ಸಮುದ್ರಜಲದ ವಿಕಾರ, ಕಾಲ, ಮರ್ಯಾದೆ ಎಂಬ ಅರ್ಥಗಳನ್ನು ಕೊಡುತ್ತದೆ. ನೀರಿನ ಏರಿಳಿತವನ್ನೂ ಹೊತ್ತನ್ನೂ ದಡದ ಎಲ್ಲೆಯನ್ನೂ ಒಂದೇ ಶಬ್ದದಿಂದ ಹೇಳಿದ ಜನವು ಕಡಲನ್ನು ಗಡಿಯಾರದಂತೆ ನೋಡಿದ ಜನವೇ ಆಗಿರಬೇಕು. ವಿಷ್ಣುಪುರಾಣದ ಎರಡನೆಯ ಅಂಶದ ನಾಲ್ಕನೆಯ ಅಧ್ಯಾಯದಲ್ಲಿ, ಬೆಂಕಿಯ ಮೇಲಿಟ್ಟ ಪಾತ್ರೆಯ ನೀರು ಉಕ್ಕುವಂತೆ ಚಂದ್ರನ ವೃದ್ಧಿಯಿಂದ ಸಮುದ್ರವು ಉಕ್ಕುವುದೆಂದೂ, ನೀರಿನ ಒಟ್ಟು ಪ್ರಮಾಣವು ಇದರಿಂದ ಹೆಚ್ಚುವುದೂ ಇಲ್ಲ ಕಡಮೆಯಾಗುವುದೂ ಇಲ್ಲವೆಂದೂ ಹೇಳಿದೆ. ಚಂದ್ರನ ಉದಯ ಅಸ್ತಗಳೆರಡನ್ನೂ, ಶುಕ್ಲ ಕೃಷ್ಣ ಪಕ್ಷಗಳೆರಡನ್ನೂ ಅಲ್ಲಿ ಹೆಸರಿಸಿರುವುದನ್ನು ವಾಚಕರು ಗಮನಿಸಬೇಕು. ಏರಿಳಿತದ ಪ್ರಮಾಣವನ್ನು 510 ಅಂಗುಲವೆಂದು ಪುರಾಣಕಾರನು ಹೇಳುತ್ತಾನೆ. 24 ಅಂಗುಲಕ್ಕೆ ಒಂದು ಮೊಳದಂತೆ ಇದು 21 ಮೊಳಕ್ಕೆ ಮಿಕ್ಕಿತು. ಇಂದಿನ ಅಳತೆಯಲ್ಲಿ ಹತ್ತಿರ ಹತ್ತಿರ 10 ಮೀಟರು. ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನವೂ ಏರಿಳಿತವು ಒಂದೂವರೆ ಮೀಟರಿನ ಆಸುಪಾಸಿನದು. ಗುಜರಾತಿನ ಖಂಭಾತ ಕೊಲ್ಲಿಯಲ್ಲಾದರೆ ಅದು 10 ಮೀಟರನ್ನು ಮುಟ್ಟುತ್ತದೆ. ಪುರಾಣದ ಸಂಖ್ಯೆಯು ಕಲ್ಪನೆಯೆಂದು ತಳ್ಳಿಹಾಕುವವರು ಈ ಹೊಂದಿಕೆಯನ್ನು ಒಮ್ಮೆ ನೋಡಬೇಕು.

ಇನ್ನು ಕಾರಣದ ವಿಚಾರ. 1687ರಲ್ಲಿ ನ್ಯೂಟನ್ನನು ಗುರುತ್ವಾಕರ್ಷಣದ ನಿಯಮದಿಂದ ಇದನ್ನು ವಿವರಿಸಿದನು. ಚಂದ್ರನು ಭೂಮಿಯನ್ನು ಸೆಳೆಯುವಾಗ ತನಗೆ ಎದುರಾದ ಪಾರ್ಶ್ವದ ನೀರನ್ನು ಭೂಮಿಯ ನಡುವಿಗಿಂತ ಹೆಚ್ಚಾಗಿಯೂ, ಆಚೆಯ ಪಾರ್ಶ್ವದ ನೀರನ್ನು ನಡುವಿಗಿಂತ ಕಡಮೆಯಾಗಿಯೂ ಸೆಳೆಯುತ್ತಾನೆ. ಈ ವ್ಯತ್ಯಾಸದಿಂದ ಎರಡು ಪಾರ್ಶ್ವಗಳಲ್ಲಿಯೂ ನೀರು ಉಬ್ಬುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ನಮ್ಮ ಪಡುವಣ ಕರಾವಳಿಯಲ್ಲಿ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬರವು ಬರುತ್ತದೆ. ಮರುದಿನದ ಉಬ್ಬರವು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ಸೂರ್ಯನೂ ಹೀಗೆಯೇ ಸೆಳೆಯುತ್ತಾನೆ. ಅವನು ಎಷ್ಟೋ ಪಾಲು ದೊಡ್ಡವನಾದರೂ ಬಹುದೂರದಲ್ಲಿರುವುದರಿಂದ, ಕಡಲನ್ನು ಉಬ್ಬಿಸುವ ಶಕ್ತಿಯಲ್ಲಿ ಚಂದ್ರನ ಅರ್ಧಕ್ಕಿಂತ ತುಸು ಕಡಮೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇಬ್ಬರ ಸೆಳೆತವೂ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರವು ಹಿರಿದು. ಅಷ್ಟಮಿಯ ಆಸುಪಾಸಿನಲ್ಲಿ ಅಡ್ಡವಾಗಿ ಬೀಳುವುದರಿಂದ ಕಿರಿದು.

ಅಮಾವಾಸ್ಯೆಯಲ್ಲಿಯೂ ಕಡಲು ಹುಣ್ಣಿಮೆಯಷ್ಟೇ ಏರುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕರಾವಳಿಯ ಬೆಸ್ತನಿಗೆ ಇದು ಹೊಸ ಮಾತಲ್ಲ. ಆದರೆ ಅಮಾವಾಸ್ಯೆಯ ಕಡಲು ಉಕ್ಕಿತೆಂಬ ವರ್ಣನೆಯನ್ನು ನಾನು ಓದಿದ ಕಾವ್ಯಗಳಲ್ಲಿ ಕಂಡಿಲ್ಲ. ಚಂದ್ರನನ್ನು ಸಮುದ್ರದ ಮಗನೆಂದು ಒಪ್ಪಿದ ಪರಂಪರೆಯಲ್ಲಿ, ಮಗನು ತುಂಬಿ ಬಂದುದನ್ನು ಕಂಡು ತಂದೆಯು ಉಬ್ಬುವುದು ರಸಕ್ಕೆ ಅನುಗುಣ. ಮಗನು ಕಾಣದ ರಾತ್ರಿಯಲ್ಲಿಯೂ ಅಷ್ಟೇ ಉಬ್ಬುವುದು ರಸಕ್ಕೆ ತೊಡಕು. ಹಾಗಾಗಿ ಕವಿಸಮಯವೆಂಬುದು ಇಲ್ಲಿ ಇದ್ದರೆ, ಅದು ಕವಿಗಳು ಹೇಳಿದುದರಲ್ಲಿಲ್ಲ, ಹೇಳದೆ ಬಿಟ್ಟುದರಲ್ಲಿದೆ. ರಾಜಶೇಖರನ ಎರಡನೆಯ ಬಗೆಗೆ ಕೃಷ್ಣಪಕ್ಷದ ಬೆಳುದಿಂಗಳಿನ ಪಕ್ಕದಲ್ಲಿಯೇ ಅಮಾವಾಸ್ಯೆಯ ಉಬ್ಬರವನ್ನೂ ಸೇರಿಸಬೇಕೆಂದು ನನ್ನ ಸೂಚನೆ.

ಇನ್ನು ಆ ವಿದ್ಯಾರ್ಥಿಯ ಎರಡನೆಯ ಆಕ್ಷೇಪಣೆ: ಚಂದ್ರೋದಯದ ಹೊತ್ತಿಗೆ ನೀರು ಇಳಿದಿರುವುದು. ಹುಣ್ಣಿಮೆಯ ಚಂದ್ರನು ಸೂರ್ಯಾಸ್ತದ ಸುಮಾರಿಗೆ ಹುಟ್ಟಿ ಮಧ್ಯರಾತ್ರಿಗೆ ನೆತ್ತಿಯ ಬಳಿಗೆ ಬರುತ್ತಾನೆ. ಮಂಗಳೂರಿನ ತೀರದಲ್ಲಿ ಆ ದಿನದ ಪೂರ್ಣ ಉಬ್ಬರವು ಸುಮಾರಾಗಿ ನಡುಹಗಲಿಗೂ ನಡುರಾತ್ರಿಗೂ ಸಮೀಪದಲ್ಲಿ ಬೀಳುತ್ತದೆ. ಸಂಜೆಗೆ ನೀರು ತಗ್ಗಿ, ಚಂದ್ರನು ಮೂಡುವ ಹೊತ್ತಿಗೆ ಆಗತಾನೆ ಮರಳಿ ಏರತೊಡಗಿರುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುಮಾರಸಂಭವದ ಮೂರನೆಯ ಸರ್ಗವನ್ನು ನೋಡಬೇಕು. ಪಾರ್ವತಿಯನ್ನು ಕಂಡ ಶಿವನ ಧೈರ್ಯವು ತುಸುವೇ ಕದಲಿದುದನ್ನು ಹೇಳುವಾಗ ಕಾಳಿದಾಸನು ತಂದಿರುವ ಉಪಮಾನವು ಚಂದ್ರೋದಯದ ಆರಂಭದಲ್ಲಿನ ಸಮುದ್ರ. ಉಪಮೇಯದಲ್ಲಿ 'ತುಸು' ಎಂಬ ಮಾತಿದೆ. ಉಪಮಾನದಲ್ಲಿ 'ಆರಂಭ' ಎಂಬ ಮಾತಿದೆ. ವ್ಯಾಖ್ಯಾನದ ಪಾಠದಲ್ಲಿ ನಾವು ಆರಂಭಶಬ್ದವನ್ನು ಹಗುರವಾಗಿ ದಾಟಿಬಿಡುತ್ತೇವೆ. ಅಳಿವೆಯ ಬಳಿ ನಿಂತು ನೋಡಿದವನಿಗೆ ಆ ಶಬ್ದದ ತೂಕವು ತಿಳಿಯುತ್ತದೆ. ಚಂದ್ರೋದಯದ ಆರಂಭದಲ್ಲಿ ಕಡಲು ಉಕ್ಕಿ ಹರಿಯುವುದಿಲ್ಲ, ಕದಲುತ್ತದೆ, ಅಷ್ಟೆ. ಮಹಾಯೋಗಿಯ ಚಿತ್ತಕ್ಕೆ ಇದಕ್ಕಿಂತ ಹದವಾದ ಉಪಮಾನವು ದೊರಕುವುದು ಕಷ್ಟ.

ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಸಮುದ್ರದ ತಳದ ಆಳಕ್ಕೂ ದಡದ ಆಕಾರಕ್ಕೂ ತಕ್ಕಂತೆ ಉಬ್ಬರದ ಹೊತ್ತು ತೀರದಿಂದ ತೀರಕ್ಕೆ ಬದಲಾಗುತ್ತದೆ. ಚೆನ್ನೈಯ ತೀರದಲ್ಲಿ ಅದೇ ಹುಣ್ಣಿಮೆಯ ಉಬ್ಬರವು ನಡುರಾತ್ರಿಯವರೆಗೆ ಕಾಯದೆ, ರಾತ್ರಿಯ ಮೊದಲ ಯಾಮದ ವೇಳೆಗೇ ತುಂಬಿಬರುತ್ತದೆ. ಮೂಡಣ ತೀರದ ಕವಿಯು ಚಂದ್ರನು ಮೂಡುತ್ತಿರುವಾಗ ಕಡಲು ರಭಸದಿಂದ ಏರುತ್ತಿತ್ತೆಂದು ಬರೆದರೆ ಅವನು ಕಂಡುದನ್ನೇ ಬರೆದಂತಾಯಿತು. ಪಡುವಣ ತೀರದ ಕವಿಯು ಅದೇ ಮಾತನ್ನು ಬರೆದರೆ ಅದು ಎರವಲು ಮಾತು. ವರ್ಣನೆಯು ಸತ್ಯವೋ ಅಲ್ಲವೋ ಎಂಬ ಪ್ರಶ್ನೆಗೆ ದೇಶವನ್ನು ಹೇಳದೆ ಉತ್ತರವಿಲ್ಲ. ರಾಜಶೇಖರನು ತನ್ನ ಗ್ರಂಥದಲ್ಲಿ ಕವಿಸಮಯದ ಪ್ರಕರಣಗಳು ಮುಗಿದೊಡನೆ ದೇಶವಿಭಾಗಕ್ಕೊಂದು, ಕಾಲವಿಭಾಗಕ್ಕೊಂದು ಅಧ್ಯಾಯವನ್ನು ಮೀಸಲಿಟ್ಟುದು ಸುಮ್ಮನೆ ಅಲ್ಲ.

ಈ ದೇಶವಿಚಾರವು ಕಡಲಿಗಿಂತ ಹೆಚ್ಚಾಗಿ ಋತುವರ್ಣನೆಯಲ್ಲಿ ಬೇಕಾಗುತ್ತದೆ. ಅದಕ್ಕೆ ನಾನು ಭಾಗಮಂಡಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಕಾವೇರಿಯೂ ಕನ್ನಿಕೆಯೂ ಗುಪ್ತಗಾಮಿನಿಯೆನ್ನುವ ಸುಜ್ಯೋತಿಯೂ ಕೂಡುವ ಈ ಕ್ಷೇತ್ರದಿಂದ ಸುಮಾರು 8 ಕಿಲೋಮೀಟರು ಮೇಲೆ, ಬ್ರಹ್ಮಗಿರಿಯ ಪಾರ್ಶ್ವದಲ್ಲಿ, ತಲಕಾವೇರಿಯ ಕುಂಡಿಕೆಯಿದೆ. ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವ ಕ್ಷಣದಲ್ಲಿ ಅಲ್ಲಿ ತೀರ್ಥೋದ್ಭವವಾಗುವುದೆಂಬುದು ನಂಬಿಕೆ. ಕೊಡವರು ಈ ದಿನವನ್ನು ಕಾವೇರಿ ಚಂಗ್ರಾಂದಿಯೆನ್ನುತ್ತಾರೆ. ಅದಕ್ಕೆ ತಿಥಿಯ ಹಂಗಿಲ್ಲ, ಸೂರ್ಯನದೇ ಲೆಕ್ಕ. ಇದೇ ನಾಡಿನ ಪುತ್ತರಿಯಾದರೆ ಹುಣ್ಣಿಮೆಯನ್ನೂ ರೋಹಿಣಿಯನ್ನೂ ನೋಡಿ ಬರುವ ಹಬ್ಬ, ಅದು ಚಂದ್ರನದು.

ತೀರ್ಥೋದ್ಭವವು ಒಂದು ವರ್ಷ ಹಗಲಿನಲ್ಲಿಯೂ ಇನ್ನೊಂದು ವರ್ಷ ರಾತ್ರಿಯಲ್ಲಿಯೂ ಬರುವುದೇಕೆಂದು ಯಾತ್ರಿಕರು ಕೇಳುವುದುಂಟು. ಪಂಚಾಂಗದಂತೆ ಪ್ರಕಟವಾದ ಹೊತ್ತುಗಳನ್ನು ನೋಡಿದರೆ ಉತ್ತರವು ಸಿಕ್ಕುತ್ತದೆ: 2022ರಲ್ಲಿ ಅಕ್ಟೋಬರ್ 17ರ ಸಂಜೆ 7-21, 2023ರಲ್ಲಿ 17ರ ರಾತ್ರಿ ಕಳೆದು 1-27, 2024ರಲ್ಲಿ 17ರ ಬೆಳಿಗ್ಗೆ 7-40, 2025ರಲ್ಲಿ 17ರ ಮಧ್ಯಾಹ್ನ 1-44. ವರ್ಷವರ್ಷಕ್ಕೆ ಆರು ಗಂಟೆಗೆ ತುಸು ಮಿಕ್ಕಿ ಹೊತ್ತು ಮುಂದೆ ಸರಿಯುತ್ತದೆ. ಸೂರ್ಯನು ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 365 ದಿನಗಳ ಮೇಲೆ 6 ಗಂಟೆ 9 ನಿಮಿಷಗಳಷ್ಟು ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಅಧಿಕ ದಿನವುಳ್ಳ ವರ್ಷದಲ್ಲಿ ತಾರೀಖು ಹಿಂದಕ್ಕೆ ಬರುತ್ತದೆ.

ತುಲೆಯೆಂದರೆ ತಕ್ಕಡಿ, ಹಗಲೂ ಇರುಳೂ ಸಮತೂಗುವುದೆಂಬ ಭಾವವು ಆ ಹೆಸರಿಗೆ ಒಪ್ಪುತ್ತದೆ. ಈಗ ಹಗಲಿರುಳು ಸಮನಾಗುವುದು ಸೆಪ್ಟೆಂಬರ್ 23ರ ಸುಮಾರಿಗೆ. ತುಲಾಸಂಕ್ರಮಣವು ಅದಕ್ಕೆ 24 ದಿನಗಳಷ್ಟು ತಡವಾಗಿ ಬರುತ್ತದೆ. ಭೂಮಿಯ ಅಕ್ಷವು ಬಹು ನಿಧಾನವಾಗಿ ತೂಗಾಡುವುದರಿಂದ ಋತುಗಳ ವರ್ಷವು ನಕ್ಷತ್ರವರ್ಷಕ್ಕಿಂತ 20 ನಿಮಿಷಗಳಷ್ಟು ಚಿಕ್ಕದು. ಸುಮಾರು 72 ವರ್ಷಗಳಿಗೆ ಒಂದು ದಿನದ ಅಂತರವು ಬೀಳುತ್ತದೆ. ಎರಡೂ ಕೂಡಿದ್ದುದು ಸುಮಾರು 1700 ವರ್ಷಗಳ ಹಿಂದೆ. ನಮ್ಮ ಕಾವ್ಯಗಳಲ್ಲಿ ರಾಶಿಗೂ ಋತುವಿಗೂ ಹೇಳಿರುವ ಸಂಬಂಧವನ್ನು ಇಂದಿನ ಪಂಚಾಂಗದ ಮೇಲಿಟ್ಟು ಕವಿಯನ್ನು ತಪ್ಪುಗಾರನೆನ್ನುವ ಮುಂಚೆ ಈ ಅಂತರವನ್ನು ಕಳೆದು ನೋಡಬೇಕು.

ಋತುಗಳಿಗೆ ಮೂಲಕಾರಣವು ಭೂಮಿಯ ಅಕ್ಷವು ಸುಮಾರು ಇಪ್ಪತ್ಮೂರೂವರೆ ಅಂಶ ಓರೆಯಾಗಿರುವುದು. ಸೂರ್ಯನ ದೂರ ಸಾಮೀಪ್ಯಗಳಲ್ಲ. ಭೂಮಿಯು ಸೂರ್ಯನಿಗೆ ಅತಿ ಸಮೀಪಕ್ಕೆ ಬರುವುದು ನಮ್ಮ ಚಳಿಗಾಲದ ಜನವರಿಯ ಮೊದಲಲ್ಲಿ. ಸೂರ್ಯನು ಕಡಲಿನ ನೀರನ್ನು ಹೀರಿ ಮಳೆಯಾಗಿ ಹಿಂದಕ್ಕೆ ಕೊಡುವನೆಂಬುದನ್ನು ಕಾಳಿದಾಸನು ರಘುವಂಶದ ಮೊದಲ ಸರ್ಗದಲ್ಲಿ ದಿಲೀಪನು ಕರವೆತ್ತುವುದಕ್ಕೆ ಉಪಮಾನವಾಗಿ ತಂದಿದ್ದಾನೆ. ಇದೂ ಕವಿಸಮಯವಲ್ಲ, ಲೋಕಸಿದ್ಧವಾದ ಮಾತು. ಆದರೆ ಸೂರ್ಯನು ಒಬ್ಬನೇ ಆದರೂ ಅವನು ಹಿಂದಕ್ಕೆ ಕೊಡುವುದು ಎಲ್ಲೆಡೆಗೂ ಸಮನಾಗಿಲ್ಲ. ಜೂನ್ ತಿಂಗಳಲ್ಲಿ ನೈಋತ್ಯದ ಗಾಳಿಯು ತರುವ ಮೋಡಗಳು ಸಹ್ಯಾದ್ರಿಗೆ ತಾಗಿ ಭಾಗಮಂಡಲದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತವೆ. ಅದೇ ಜಿಲ್ಲೆಯ ಮೂಡಣ ಅಂಚಿನ ಕುಶಾಲನಗರಕ್ಕೆ ಅದರಲ್ಲಿ ಸಣ್ಣದೊಂದು ಪಾಲು ಮಾತ್ರ.

ಅಗಸ್ತ್ಯನಕ್ಷತ್ರವು ಉದಿಸಿದೊಡನೆ ನೀರು ತಿಳಿಯಾಗುವುದೆಂಬ ಪ್ರಸಿದ್ಧವಾದ ಶರದ್ವರ್ಣನೆಯನ್ನು ಇಲ್ಲಿ ಪರೀಕ್ಷಿಸಬಹುದು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಅದು ಬಂದಿದೆ. ಉಜ್ಜಯಿನಿಯ ಕಡೆಯಲ್ಲಿ ಆ ನಕ್ಷತ್ರವು ಮುಂಜಾನೆ ಮೊದಲು ಕಾಣುವುದು ಆಗಸ್ಟಿನ ಕೊನೆಯ ಭಾಗದಲ್ಲಿ. ಮಳೆಯು ಹಿಮ್ಮೆಟ್ಟುವ ಕಾಲವೂ ಅದರ ಹಿಂದೆಯೇ ಬರುತ್ತದೆ. ದಕ್ಷಿಣಕ್ಕೆ ಹೋದಂತೆ ಅಗಸ್ತ್ಯೋದಯವು ಮುಂಚಿತವಾಗುತ್ತದೆ. ಕೊಡಗಿನ ಅಕ್ಷಾಂಶಕ್ಕೆ ಅದು ಬೀಳುವುದು ಮಳೆಯ ಭರದಲ್ಲಿ. ಆಗ ಭಾಗಮಂಡಲದ ಸಂಗಮದಲ್ಲಿ ಕೆನ್ನೀರು ತುಂಬಿ ದಾರಿಗಳು ಮುಳುಗಿರುವುದೂ ಉಂಟು, ನಕ್ಷತ್ರವನ್ನು ನೋಡಲು ಆಕಾಶವೇ ತೆರೆದಿರುವುದಿಲ್ಲ. ಪುರಾಣದ ಅಗಸ್ತ್ಯನ ಕಮಂಡಲುವಿನಿಂದ ಕಾವೇರಿಯು ಹೊರಟ ನಾಡಿನಲ್ಲಿಯೇ ಆಕಾಶದ ಅಗಸ್ತ್ಯನು ನೀರನ್ನು ತಿಳಿಯಾಗಿಸುವನೆಂಬ ಮಾತು ಸಲ್ಲದು. ಕಾಳಿದಾಸನು ತನ್ನ ದೇಶಕ್ಕೆ ಸತ್ಯವನ್ನೇ ಹೇಳಿದ್ದಾನೆ. ಅದನ್ನು ಮಲೆನಾಡಿಗೆ ಹೊತ್ತುತಂದು ಶರದೃತುವನ್ನು ವರ್ಣಿಸುವವನು ತಪ್ಪುತ್ತಾನೆ. ತುಲಾಸಂಕ್ರಮಣದ ದಿನವೂ ಬ್ರಹ್ಮಗಿರಿಯಲ್ಲಿ ಮಂಜು ಮುಸುಕಿ ತುಂತುರು ಬೀಳುವುದನ್ನು ಯಾತ್ರಿಕರು ಬಲ್ಲರು. ಪಂಪನು ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯ ನಾಡನ್ನು ವರ್ಣಿಸಿದುದು ಇಂದಿಗೂ ಜೀವಂತವಾಗಿರುವುದು, ಆ ನಾಡಿನ ನೆನಪೇ ಅಲ್ಲಿ ಮಾತಾಡುವುದರಿಂದ.

ಇಲ್ಲಿಗೆ ಎರಡು ಪಕ್ಷಗಳನ್ನು ನಿರಾಕರಿಸಿದಂತಾಯಿತು. ಪ್ರಾಚೀನರ ಪ್ರಕೃತಿವರ್ಣನೆಯೆಲ್ಲ ಬರಿಯ ಸಂಪ್ರದಾಯ, ಅವರು ಕಣ್ಣು ತೆರೆದು ನೋಡಲಿಲ್ಲವೆಂಬುದು ಒಂದು ಪಕ್ಷ. ಇಂದಿನ ವಿಜ್ಞಾನವೆಲ್ಲವೂ ನಮ್ಮ ಶ್ಲೋಕಗಳಲ್ಲಿ ಮೊದಲೇ ಇತ್ತೆಂಬುದು ಮತ್ತೊಂದು. ವಿಷ್ಣುಪುರಾಣಕಾರನು ಏರಿಳಿತವನ್ನು ಚೆನ್ನಾಗಿ ನೋಡಿದ್ದನು. ಆದರೆ ಬೆಂಕಿಯ ಮೇಲಿನ ಪಾತ್ರೆಯ ದೃಷ್ಟಾಂತವು ಆಕರ್ಷಣದ ನಿಯಮವಲ್ಲ. ನೋಡಿದುದಕ್ಕೆ ಗೌರವ ಸಲ್ಲಬೇಕು; ಹೇಳದುದನ್ನು ಹೇಳಿದನೆನ್ನುವುದು ಗೌರವವಲ್ಲ.

ಆದುದರಿಂದ ಸೂರ್ಯಚಂದ್ರರ ವರ್ಣನೆಯು ಬಂದಲ್ಲಿ ಉಪಾಧ್ಯಾಯರು ಮೂರು ಪ್ರಶ್ನೆಗಳನ್ನು ಕೇಳಿಸಬೇಕೆಂದು ವಿಜ್ಞಾಪಿಸುತ್ತೇನೆ: ಇದು ಲೋಕದಲ್ಲಿ ಉಂಟೇ? ಉಂಟಾದರೆ ಯಾವ ದೇಶದಲ್ಲಿ, ಯಾವ ಕಾಲದಲ್ಲಿ? ಕವಿಯು ಹೇಳದೆ ಬಿಟ್ಟುದು ಯಾವುದು, ಮತ್ತು ಏಕೆ? ಈ ಪ್ರಶ್ನೆಗಳಿಂದ ರಸಭಂಗವಾಗುವುದೆಂದು ಕೆಲವರು ಹೇಳಬಹುದು. ನನ್ನ ಅನುಭವವು ಬೇರೆ. ಕಾಳಿದಾಸನ ಆರಂಭಶಬ್ದವು ನನಗೆ ರಸವತ್ತಾದುದು ಮಂಗಳೂರಿನ ಅಳಿವೆಯನ್ನು ಕಂಡ ಮೇಲೆಯೇ. ಆ ಪಾಠವನ್ನು ನಾನು ತರಗತಿಯಲ್ಲಿಯೇ ಕಲಿಯಬಹುದಾಗಿತ್ತು. ಹೇಳಿಕೊಡಲು ಬಂದವನನ್ನು ನಾನೇ ಕುಳ್ಳಿರಿಸಿದೆನು. ಅಂತಹ ಹುಡುಗರು ಇನ್ನೂ ನಮ್ಮ ಶಾಲೆಗಳಲ್ಲಿದ್ದಾರೆ. ಅವರ ಮಾತನ್ನು ವ್ಯಾಖ್ಯಾನದ ಒಂದು ಭಾಗವೆಂದು ಕೇಳುವ ಪದ್ಧತಿಯನ್ನು ವಿದ್ವಾಂಸರು ಬಳಕೆಗೆ ತರುವರೆಂದು ನಂಬಿದ್ದೇನೆ.